ಚಂದ್ರಿಕೆಯಲ್ಲಿಟ್ಟ ಎಂಜಿನ್

ಮೊನ್ನೆ ಮೊಮ್ಮಗಳ ಗೆಳತಿಯ ಮನೆಯಲ್ಲಿ ಚಂದ್ರಿಕೆಯೊಂದನ್ನು ಅಲಂಕಾರಕ್ಕೆಂದು ಗೋಡೆಗೆ ತೂಗುಹಾಕಿದ್ದರು. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿರುತ್ತಾರಲ್ಲ, ಹಣ್ಣಾದ ರೇಷ್ಮೆಹುಳು ಗೂಡು ಕಟ್ಟುವುದಕ್ಕೆ, ಅದು. ಇದರಲ್ಲಿ ಏನಿಡ್ತಾರೆ ಅಜ್ಜಿ ಎಂದು ಆ ಹುಡುಗಿ ಕೇಳಿದಳು. ಕಾರಿನ ಎಂಜಿನ್ ಎಂದುಬಿಟ್ಟೆ. ನಿಮಗೂ ನಗು ಬರಬಹುದು. ನಾನು ಕಂಡದ್ದನ್ನೇ ಹೇಳಿದೆ.

ಅರವತ್ತರ ದಶಕ. ಮದುವೆಯಾಗಿ ದಿಬ್ಬೂರಹಳ್ಳಿಗೆ ಬಂದ ಹೊಸತು. ನಮ್ಮ ಯಜಮಾನರು ಚಿಂತಾಮಣಿಯಿಂದ ಹಳೆಯ ಕಾರೊಂದನ್ನು ಎತ್ತುಗಳಿಂದ ಎಳೆಸಿ ತಂದು ಹಿತ್ತಲಲ್ಲಿ ನಿಲ್ಲಿಸಿದ್ದರು. ಸೋಮವಾರ ಗುಜರಿಯವನು ಬರುತ್ತಾನೆ, ಅಷ್ಟರಲ್ಲಿ ಓಡದಿದ್ದರೆ ಅವನ ಪಾಲು ಎಂದು ಮಾವನವರು ಹೇಳಿಬಿಟ್ಟರು. ಆಡಿದ ಮಾತು ಬದಲಿಸುವವರಲ್ಲ. ನನಗೆ ಕಾರಿನ ಚಿಂತೆಯಿರಲಿಲ್ಲ. ಅಪ್ಪನ ಪಕ್ಕ ಊಟಕ್ಕೆ ಕೂತಾಗಲೆಲ್ಲ ತಲೆ ತಗ್ಗಿಸುವ ಗಂಡನನ್ನು ನೋಡುತ್ತಾ ಬಾಳಬೇಕಾದೀತೆಂದು ದಿಗಿಲು.

ಸೀಮೆಎಣ್ಣೆಯ ವಾಸನೆ ರೇಷ್ಮೆ ಸಾಕುವ ಹುಳುಮನೆಗೆ ಹೊಡೆಯಬಾರದೆಂದು ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಕೆಲಸವೆಲ್ಲ ಹಿತ್ತಲ ಆ ತುದಿಯಲ್ಲಿ. ಯಜಮಾನರು ಎಂಜಿನ್ನಿನ ಮೇಲ್ಭಾಗ ಬಿಚ್ಚಿ, ಒಂದೊಂದು ವಾಲ್ವನ್ನೂ ಅದರದರ ಕುಳಿಯಲ್ಲೇ ಮರಳಿನಂಥ ಉಜ್ಜುವ ಮಸಾಲೆ ಹಚ್ಚಿ ತಿಕ್ಕಿ ಕೂರಿಸಿದರು. ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲವಂತೆ. ಆಮೇಲೆ ಎಲ್ಲವನ್ನೂ ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ಖಾಲಿ ಚಂದ್ರಿಕೆಯೊಂದರ ಸುರುಳಿಯಲ್ಲಿ ಅಂಚಿನಿಂದ ನಡುವಿನವರೆಗೆ ಕ್ರಮವಾಗಿ ಜೋಡಿಸಿಟ್ಟು ಊಟಕ್ಕೆ ಬಂದರು. ಅಷ್ಟು ಚೆಂದದ ಜೋಡಣೆಯನ್ನು ನಾನು ರಂಗೋಲಿಯಲ್ಲೂ ಕಂಡಿರಲಿಲ್ಲ.

ಹುಳು ಗೂಡು ಕಟ್ಟುವಾಗ ಚಂದ್ರಿಕೆಗಳನ್ನು ಹೊರಗೆ ಓರೆಯಾಗಿ ನಿಲ್ಲಿಸಿ, ಬಿಸಿಲು ಸರಿದಂತೆ ತಿರುಗಿಸುತ್ತಿರಬೇಕು. ಅಂದು ಬಿಸಿಲು ಸರಿಯಿತು, ಅತ್ತೆ ಎದ್ದರು. ಕೈಯ ರೂಢಿಯಲ್ಲಿ ಎಲ್ಲವನ್ನೂ ತಿರುಗಿಸುತ್ತಾ ಬಂದು ಇದನ್ನೂ ಎತ್ತಿ ಗೋಡೆಗೆ ಒರಗಿಸಿದರು. ಎಂಜಿನ್ ಝಣಝಣ ಉದುರಿ ನೆಲದಲ್ಲಿ ಗುಡ್ಡೆಯಾಯಿತು.

ಇವರು ಬಂದು ನೋಡಿದರು. ಅತ್ತೆಯೇ ಮೊದಲು ಮಾತಾಡಿದರು.

“ಹುಳ ಉದುರಿದ್ರೂ ತಾನಾಗೇ ಜಾಗ ಹುಡುಕ್ಕೊಳ್ತದೆ ಕಣೋ. ನಿನ್ನ ಕಬ್ಬಿಣಕ್ಕೆ ಅಷ್ಟೂ ಬುದ್ಧಿ ಇಲ್ವೇನಪ್ಪ?”

ಇವರು ಅಂದಾಜಿನ ಮೇಲೆ ಜೋಡಿಸಿ, ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರು. ಬಾವಿಯ ರಾಟೆಯ ಹಾಗೆ ಸಲೀಸಾಗಿ ತಿರುಗಿತು. ಸಲೀಸಾಗಿ ತಿರುಗಬಾರದಂತೆ, ಒಳಗೆ ಗಾಳಿ ಬಿಗಿಹಿಡಿದು ಕೈಗೆ ಎದುರಾಡಬೇಕಂತೆ. ವಾಲ್ವುಗಳು ಅದಲುಬದಲಾಗಿ ಸೋರುತ್ತಿದ್ದವು. ಮತ್ತೆ ತಿಕ್ಕೋಣವೆಂದರೆ ಮಸಾಲೆ ಮುಗಿದಿತ್ತು. ಇವರು ನನ್ನ ಮುಖವನ್ನೇ ನೋಡತೊಡಗಿದರು. ನಾನು ಸೆರಗು ಸರಿಮಾಡಿಕೊಂಡೆ.

“ನಿನ್ನ ಕಣ್ಕಪ್ಪಿನ ಡಬ್ಬಿ ತಗೊಂಬಾ.”

ತವರಿನಲ್ಲಿ ಹರಳೆಣ್ಣೆ ದೀಪದಲ್ಲಿ ಹಿಡಿದಿದ್ದ ಜಿಡ್ಡು ಕಪ್ಪು. ಅದನ್ನು ವಾಲ್ವಿನ ಅಂಚಿಗೆ ಸವರಿ, ಕುಳಿಯಲ್ಲಿಟ್ಟು ಒಂದು ಸುತ್ತು ತಿರುವಿ ತೆಗೆದರೆ, ಬಳೆಯಂತೆ ಪೂರ್ತಿ ಗುರುತು ಬಿದ್ದಲ್ಲಿ ಅದರದೇ ಜಾಗ. ಗುರುತು ಹರಿದಿದ್ದರೆ ಬೇರೆಯವರ ಮನೆ. ಸವರುವ ಕೆಲಸವನ್ನು ಅತ್ತೆ ಯಾರಿಗೂ ಬಿಡಲಿಲ್ಲ. ಮಗುವಿಗೆ ಹಚ್ಚುವಂತೆ ಕಿರುಬೆರಳಲ್ಲಿ ಹಚ್ಚಿದರು. ಹೊತ್ತು ಮುಳುಗುವಷ್ಟರಲ್ಲಿ ಎಲ್ಲಕ್ಕೂ ಮನೆ ಸಿಕ್ಕಿತು, ನನ್ನ ಡಬ್ಬಿ ಖಾಲಿಯಾಯಿತು.

ಸೋಮವಾರ ಗುಜರಿಯವನ ಗಾಡಿ ಬಾಗಿಲಿಗೆ ಬಂದಾಗಲೇ ಇವರು ಹ್ಯಾಂಡಲ್ ಹಿಡಿದದ್ದು. ಈ ಸಲ ಅದು ಎದುರಾಡಿತು. ಎರಡು ಬಾರಿ ಕೆಮ್ಮಿ, ಒಮ್ಮೆ ಗುಂಡು ಹಾರಿಸಿ, ಎಂಜಿನ್ ಗುಡುಗುಡು ಶುರುವಾಯಿತು. ನಾನು ಕಂಬಕ್ಕೆ ಅಂಟಿಕೊಂಡೆ. ಗುಜರಿಯವನ ಎತ್ತುಗಳು ಗಾಡಿಯೊಂದಿಗೆ ಓಡಿದವು, ಅವನು ಅವುಗಳ ಹಿಂದೆ ಓಡಿದ. ಮಾವನವರು ಜಗಲಿಯಿಂದಿಳಿದು ಕಾರಿನ ಹತ್ತಿರ ಹೋದರು. ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಹತ್ತಿ, ಸ್ಟೀರಿಂಗ್ ಹಿಡಿದಿದ್ದ ಮಗನ ಪಕ್ಕ ಕೂತರು.

ಇವತ್ತು ಬೆಳಿಗ್ಗೆ ಇವರು ಮಿಕ್ಸಿ ಬಿಚ್ಚಿ ಹರಡಿಕೊಂಡು ಕೂತಿದ್ದಾರೆ. ಬೈಯಬೇಕೆಂದೇ ಇದ್ದೆ. ಇಷ್ಟು ಬರೆಯುವಷ್ಟರಲ್ಲಿ ಮನಸ್ಸು ಬದಲಾಯಿತು. ಒರಳು ತೊಳೆದಿದ್ದೇನೆ. ಚಟ್ನಿ ಅದರಲ್ಲೇ ರುಬ್ಬುತ್ತೇನೆ.