ಅಗಲ ಬಾಯಿಯ ಬಾಟಲಿ

ಮೊನ್ನೆ ಸೊಸೆ ಅಟ್ಟದಿಂದ ಅಗಲ ಬಾಯಿಯ ಗಾಜಿನ ಬಾಟಲಿ ಇಳಿಸಿ, "ಮಾವ, ಇದಕ್ಕ ಉಪ್ಪಿನಕಾಯಿ ಹಾಕ್ಲೇನ್ರಿ?" ಎಂದಳು. ಬೇಡ ಎಂದು ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು...

ಎಂಬತ್ತರ ದಶಕ. ನಾಗಪುರದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಕಾಕಾ ಧಾರವಾಡ ಕಡೆಯವರು. ಮಾಲಿನ ತಪಾಸಣೆ ಅವರ ಕೆಲಸ, ನಾನು ಅವರ ಕೈಕೆಳಗೆ. ಪ್ರತಿ ಲಾಟಿನಿಂದ ಕಬ್ಬಿಣದ ಒಂದು ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿ, ಚೀಟಿ ಬಂದ ಮೇಲೆಯೇ ಠಸ್ಸೆ ಒತ್ತುತ್ತಿದ್ದರು. ಮ್ಯಾನೇಜರ್ ಎಷ್ಟು ಕೂಗಾಡಿದರೂ ಜಗ್ಗುತ್ತಿರಲಿಲ್ಲ.

ಅವರ ತೊಡೆಯಲ್ಲಿ ಗಡ್ಡೆ ಎದ್ದಿತು. ನೋವಿರಲಿಲ್ಲ. ಹಿಂಗಣಾಕ್ಕೆ ಹೋಗುವ ಬಸ್ಸಿನಲ್ಲಿ ತಾಗಿದ ಪೆಟ್ಟು ಎಂದು ಕಾರ್ಖಾನೆಯ ಡಿಸ್ಪೆನ್ಸರಿಯವನು ಆರು ತಿಂಗಳು ಮುಲಾಮು ಹಚ್ಚಿಸಿದ. ನಿಂಬೆಯಷ್ಟಿದ್ದದ್ದು ಕಿತ್ತಳೆಯಷ್ಟಾಯಿತು. ಆಮೇಲೆ ಖಾಸಗಿ ಡಾಕ್ಟರೊಬ್ಬ ಒತ್ತಿ ನೋಡಿ, ಬರೀ ಕೊಬ್ಬು, ಅರ್ಧ ಗಂಟೆಯ ಕೆಲಸ ಎಂದ.

ಆಪರೇಷನ್ನಿಗೆ ಕಾಕಾ ಈ ಬಾಟಲಿಯನ್ನು ತೊಳೆದು ಒಣಗಿಸಿ ತಂದಿದ್ದರು. ಗಡ್ಡೆಯನ್ನು ಲ್ಯಾಬಿಗೆ ಕಳಿಸುತ್ತೀರಲ್ಲ ಎಂದು ಡಾಕ್ಟರನನ್ನು ಕೇಳಿದರು. ಕೊಬ್ಬಿಗೆಂಥ ಪರೀಕ್ಷೆ, ಇದೇನು ನಿಮ್ಮ ಫ್ಯಾಕ್ಟರಿಯೇ ಎಂದು ಅವನು ಎಲ್ಲರೆದುರು ನಕ್ಕ. ಒಳಗೆ ಹೋಗುವಾಗ ಕಾಕಾ ಬಾಟಲಿಯನ್ನು ನನ್ನ ಕೈಗಿತ್ತು, "ಗಡ್ಡಿ ಇದರಾಗ ಹಾಕಿಸ್ಕೊಂಡು ಲ್ಯಾಬಿಗೆ ನೀನ ಒಯ್ದು ಕೊಡೊ. ಬರೋಬರ್ ತಪಾಸ್ ಆಗ್ಲಿ" ಎಂದರು.

ಮುಗಿದ ಮೇಲೆ ವಾರ್ಡಿನ ಆಳು ಟ್ರೇ ಹಿಡಿದು ಬಂದು, ಬೇಕೋ ಎಸೆಯಲೋ ಎಂದು ಕೇಳಿದ. ಡಾಕ್ಟರ್ ಅಲ್ಲೇ ನಿಂತಿದ್ದ. ನನಗೆ ನಾಚಿಕೆಯಾಯಿತು. "ಫೇಂಕ್ ದೋ", ಎಸೆದುಬಿಡು ಎಂದೆ. ಕಾಕಾ ಎಚ್ಚರಾಗಿ ಕೇಳಿದಾಗ, "ಡಾಕ್ಟರ್ ಬ್ಯಾಡಂದ್ರರಿ" ಎಂದಷ್ಟೇ ಹೇಳಿ, ಎಸೆಯಲು ಹೇಳಿದ್ದು ನಾನೇ ಎಂಬುದನ್ನು ನುಂಗಿಕೊಂಡೆ.

ಐದು ತಿಂಗಳಿಗೆ ಅದೇ ಗಾಯದಲ್ಲಿ ಗಡ್ಡೆ ಮತ್ತೆ ಬಂತು. ಮುಂಬೈಯ ದೊಡ್ಡಾಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಹಳೆಯ ಗಡ್ಡೆಯ ರಿಪೋರ್ಟು. ಎಲ್ಲಿಂದ ತರುವುದು? ಅವರು ಸೂಜಿಯಿಂದ ತುಣುಕು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಮಾಂಸಖಂಡದ ಅಪರೂಪದ ಕ್ಯಾನ್ಸರ್ ಎಂದರು. ಬೆಳೆಯುತ್ತಿರುವ ಇಂಥ ಆಳದ ಗಡ್ಡೆಗೆ, ತುಣುಕು ಪರೀಕ್ಷಿಸದೆ ಚಾಕು ಹಾಕಲೇಬಾರದಿತ್ತಂತೆ. ಎದೆಯ ಎಕ್ಸ್‌ರೇಯಲ್ಲಿ ಆಗಲೇ ಚುಕ್ಕೆಗಳಿದ್ದವು, ರೋಗ ಶ್ವಾಸಕೋಶಕ್ಕೂ ಹರಡಿತ್ತು...

ಅಪರೂಪವಂತೆ! ಅಪರೂಪದ್ದೆಂದೇ ಅಲ್ಲವೇ ಪರೀಕ್ಷೆ ಬೇಕಾದದ್ದು? ಕಬ್ಬಿಣದ ತುಂಡಿಗಿದ್ದ ಮರ್ಯಾದೆ ಆ ಮನುಷ್ಯನ ಮೈಗಿರಲಿಲ್ಲ. ಆ ಡಾಕ್ಟರನನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ನನ್ನನ್ನು ನೆನೆದರೆ ಇನ್ನೂ ಹೆಚ್ಚು.

ಕಾಕಾ ಹೋದ ಮೇಲೆ, ಊರಿಗೆ ಹೊರಟ ಅವರ ಹೆಂಡತಿ ಕಾಕು ಈ ಬಾಟಲಿಯನ್ನು ನನಗೇ ಕೊಟ್ಟರು. "ಚಲೋ ಐತಿ, ಇಟ್ಕೊ. ಯಾತಕ್ಕಾರ ಬರ್ತೈತಿ" ಎಂದರು. ಅವರಿಗೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರೂ ಇಲ್ಲ.

ಸೊಸೆಯ ಕೈಯಿಂದ ಬಾಟಲಿ ತೆಗೆದುಕೊಂಡು, ತೊಳೆದು, ಒಣಗಿಸಿ, ಮತ್ತೆ ಅಟ್ಟದ ಮೇಲಿಟ್ಟೆ. ಇಷ್ಟು ವರ್ಷಗಳಲ್ಲಿ ಅದರೊಳಗೆ ಏನನ್ನೂ ಹಾಕಿಲ್ಲ.