ಆಯ್ದು ಉಳಿದ ಕಾರ್ಡು

ನನ್ನ ಅಣ್ಣನಿಗೆ ಬುದ್ಧಿ ಹೇಳುವ ಚಟ. ಬೇರೆಯವರಾದರೆ ಎದ್ದು ಹೋಗುತ್ತಾರೆ, ತಂಗಿಯಾದರೆ ಕೂತು ಕೇಳುತ್ತಾಳೆ ಅಂತ ಅವನ ಎಣಿಕೆ. ಚಾಮರಾಜನಗರದಲ್ಲಿ ಅವನಿಗೊಂದು ವಿಡಿಯೋ ಎಡಿಟಿಂಗ್ ಅಂಗಡಿ. ಮದುವೆಯಾಗಿ ಬಂದ ಮೇಲೆ ಗುಂಡ್ಲುಪೇಟೆಯಲ್ಲಿ ನನಗೊಂದು. ಕೆಲಸ ಇಬ್ಬರದೂ ಒಂದೇ: ಮದುವೆ, ನಾಮಕರಣ, ಮತ್ತೆ ಚೆಂಡುಹೂವಿನ ಹೊಲದಲ್ಲಿ ಕೈಕೈ ಹಿಡಿದು ಓಡುವ ಜೋಡಿಗಳು. ನಾನು ಅಂಗಡಿ ತೆಗೆದದ್ದು ಅವನಿಗೆ ಒಂದು ದಿನವೂ ಹಿಡಿಸಲಿಲ್ಲ. ಅದನ್ನು ಮುಚ್ಚಿ, ಶೂಟ್ ಮಾಡಿದ್ದನ್ನೆಲ್ಲ ನಾನು ಅವನಿಗೆ ಕಳಿಸಬೇಕು, ಎಡಿಟಿಂಗ್ ಅವನು ಮಾಡಬೇಕು. ಇದು ಅವನ ವರಾತ.

ಹೊಸ ಕ್ಯಾಮೆರಾಗಳ ವಿಡಿಯೋಗೆ ಕಂಪ್ಯೂಟರಿನೊಳಗಿನ ಹಳೆಯ ಗ್ರಾಫಿಕ್ಸ್ ಕಾರ್ಡುಗಳು ಏದುಸಿರು ಬಿಡತೊಡಗಿದಾಗ ಇಬ್ಬರೂ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ ಕಾರ್ಡು ತರಿಸಿದೆವು. ಪಾರ್ಸೆಲ್ ಬಂದದ್ದು ಅವನ ಅಂಗಡಿಗೆ. ‘ಟೆಸ್ಟ್ ಮಾಡಿ ಕಳಿಸ್ತೀನಿ ಬುಡು’ ಅಂದ. ಕೆಲವು ದಿನದ ಮೇಲೆ ಬಸ್ಸಿನ ಕಂಡಕ್ಟರ್ ಕೈಲಿ ನನ್ನದು ಬಂತು. ಡಬ್ಬದ ಸೀಲು ಒಡೆದಿತ್ತು. ಅಣ್ಣ ನೋಡಿ ಕಳಿಸಿದ್ದಾನಲ್ಲ ಅಂತ ಸುಮ್ಮನಾದೆ.

ಕಾರ್ಡು ಕಂಪನಿ ಕೊಟ್ಟ ವೇಗದಲ್ಲೇ ಓಡಿದ್ದರೆ ಜಗಳವೇ ಇರುತ್ತಿರಲಿಲ್ಲ. ಆದರೆ ಆ ವೇಗವನ್ನು ನಾವೇ ಇನ್ನಷ್ಟು ಏರಿಸಿಕೊಳ್ಳಬಹುದು, ಓವರ್‌ಕ್ಲಾಕ್ ಅನ್ನುತ್ತಾರೆ. ಅಂಕಿಯನ್ನು ಸ್ವಲ್ಪಸ್ವಲ್ಪವೇ ಮೇಲೆ ತಳ್ಳುವುದು, ಎಲ್ಲಿ ಕಾರ್ಡು ಮುಗ್ಗರಿಸುತ್ತದೋ ಅಲ್ಲಿಂದ ಒಂಚೂರು ಹಿಂದೆ ಬರುವುದು. ಅಣ್ಣ ತನ್ನದನ್ನು ಏರಿಸಿದ್ದೇ ಏರಿಸಿದ್ದು. ಪ್ರತಿ ಸಲವೂ ಸ್ಕ್ರೀನಿನ ಫೋಟೋ ಮನೆಯವರ ವಾಟ್ಸಾಪ್ ಗ್ರೂಪಿಗೆ ಬರುತ್ತಿತ್ತು. ಗ್ರಾಫಿಕ್ಸ್ ಕಾರ್ಡು ತಿನ್ನುವುದೋ ಉಡುವುದೋ ಗೊತ್ತಿಲ್ಲದ ಚಿಕ್ಕಪ್ಪಂದಿರೆಲ್ಲ ಅದಕ್ಕೆ ಹೆಬ್ಬೆರಳು ಎತ್ತುತ್ತಿದ್ದರು. ಅದೇ ಅಂಕಿ ನಾನು ಹಾಕಿದರೆ ಮದುಮಗಳ ಮುಖದ ಮೇಲೆ ಹಸಿರು ಚೌಕಗಳು ಏಳುತ್ತಿದ್ದವು, ಆಮೇಲೆ ಸ್ಕ್ರೀನು ಕಪ್ಪಾಗುತ್ತಿತ್ತು.

ಫೋನ್ ಮಾಡಿದರೆ ಉತ್ತರ ಸಿದ್ಧವಾಗಿರುತ್ತಿತ್ತು. ‘ವೋಲ್ಟೇಜ್ ಒಂಚೂರು ನೋಡ್ಕ ಕಣಮ್ಮಿ. ತಾಳ್ಮೆ ಬೇಕು. ಇದು ಎಲ್ಲಾರ್ಗೂ ಒಲಿಯಾದಲ್ಲ.’ ಗುಂಡ್ಲುಪೇಟೆಯ ಕರೆಂಟು ಸರಿಯಿಲ್ಲ ಅಂದ, ಧೂಳು ಅಂದ, ಕಡೆಗೆ ನನ್ನ ಕೈಗುಣ ಅಂದ. ಕಾರ್ಡಿಗೆ ಉಣಿಸುವ ವೋಲ್ಟೇಜ್ ಏರಿಸಿದರೆ ಅದು ಕೆಂಡವಾಗಿ, ಫ್ಯಾನು ರಾಗಿ ಮಿಲ್ಲಿನ ಹಾಗೆ ಕೂಗುತ್ತಿತ್ತು.

ಅವನ ವೇಗಕ್ಕೆ ಸಮ ನಿಲ್ಲದೆ ನನಗೆ ಗತಿಯಿರಲಿಲ್ಲ. ಬೆಳಗಿನ ಮುಹೂರ್ತದ ವಿಡಿಯೋವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಛತ್ರದ ಪರದೆಯ ಮೇಲೆ ತೋರಿಸುವ ಶೋಕಿ ಶುರು ಮಾಡಿದವನು ಅವನೇ. ಗಿರಾಕಿಗಳು ನನ್ನನ್ನೂ ಅದನ್ನೇ ಕೇಳುತ್ತಿದ್ದರು. ಒಂದು ಮದುವೆಯಲ್ಲಿ ಒಪ್ಪಿಕೊಂಡೆ. ಎಲೆ ಹಾಕಿದರು, ಪಾಯಸ ಬಂತು, ಹುಡುಗಿಯ ಕಡೆಯವರೆಲ್ಲ ಪರದೆ ನೋಡುತ್ತಾ ಕೂತರು. ಏರಿಸಿದ ವೇಗ ತಾಳದೆ ಕಾರ್ಡು ಎಡಿಟಿಂಗಿನ ನಡುವಿನಲ್ಲೇ ಕೈಕೊಟ್ಟಿತು. ಆ ಮನೆಯ ಮುಂದಿನ ಮದುವೆ ಅಣ್ಣನ ಪಾಲಾಯಿತು, ಅವರ ನೆಂಟರದ್ದೂ ಅವನಿಗೇ. ಅಂಗಡಿ ಮುಚ್ಚುವುದೇ ಸರಿಯೇನೋ ಅನ್ನಿಸಿತು. ಅದಕ್ಕಿಂತ ಕೆಟ್ಟದ್ದೆಂದರೆ, ನನ್ನ ಕೈಮೇಲೆ ನನಗೇ ಅನುಮಾನ ಬಂತು. ಅದಕ್ಕಾಗಿ ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಕೂತು ಓದಿದೆ. ಕಾರ್ಡಿನೊಳಗಿನ ಚಿಪ್ಪುಗಳನ್ನು ತಟ್ಟೆಯಗಲದ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸುತ್ತಾರೆ. ಒಂದೇ ಬಿಲ್ಲೆಯವಾದರೂ ಎಲ್ಲವೂ ಒಂದೇ ಸಮ ಇರುವುದಿಲ್ಲ. ಪರೀಕ್ಷೆ ಮಾಡಿ ಆಯುತ್ತಾರೆ: ಗಟ್ಟಿಯವು ದುಬಾರಿ ಮಾಡೆಲ್ಲಿಗೆ, ಒಂದು ಭಾಗ ಕೆಟ್ಟಿದ್ದರೆ ಆ ಭಾಗವನ್ನು ಮುಚ್ಚಿ ಕೆಳಗಿನ ಮಾಡೆಲ್ಲಿಗೆ. ಹೀಗೆ ಆಯ್ದ ಮೇಲೂ ಒಂದೇ ಮಾಡೆಲ್ಲಿನೊಳಗೆ ಸಲೀಸಾಗಿ ಪಾಸಾದದ್ದೂ ಇರುತ್ತದೆ, ಅಂಚಿನಲ್ಲಿ ಪಾಸಾದದ್ದೂ ಇರುತ್ತದೆ. ಒಳ್ಳೆಯ ಚಿಪ್ಪು ಕಡಿಮೆ ವೋಲ್ಟೇಜಿನಲ್ಲೇ ಹೆಚ್ಚು ವೇಗ ಎಳೆಯುತ್ತದೆ. ಬಡ ಚಿಪ್ಪಿಗೆ ಎಷ್ಟು ಉಣಿಸಿದರೂ ಬಿಸಿ ಏರುತ್ತದೆಯೇ ಹೊರತು ವೇಗ ಏರುವುದಿಲ್ಲ. ಕಂಪನಿ ಭರವಸೆ ಕೊಡುವುದು ಡಬ್ಬದ ಮೇಲೆ ಬರೆದ ವೇಗಕ್ಕೆ ಮಾತ್ರ.

ಇದು ನನಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ನಾನು ಟೊಮೆಟೊ ಆಯ್ದು ಬೆಳೆದವಳು. ಒಂದೇ ಗಿಡದ ಹಣ್ಣು, ಆದರೂ ಗಟ್ಟಿಯವು ಕೇರಳದ ಲಾರಿಗೆ, ಸಾಧಾರಣದವು ಸಂತೆಮರಹಳ್ಳಿ ಸಂತೆಗೆ, ಬಿರಿದದ್ದು ಹುಳ ಕೊರೆದದ್ದು ನಮ್ಮ ಸಾರಿಗೆ. ಒಳ್ಳೆಯದು ಹೊರಗಿನವರಿಗೆ, ಉಳಿದದ್ದು ಮನೆಗೆ ಅನ್ನುವುದು ಅಪ್ಪನ ಕಟ್ಟಳೆ. ಅಣ್ಣನೂ ನನ್ನ ಪಕ್ಕದಲ್ಲೇ ಕೂತು ಆಯ್ದವನು. ಒಡೆದಿದ್ದ ಆ ಸೀಲು ನೆನಪಾಯಿತು.

ಗೌರಿಹಬ್ಬಕ್ಕೆ ತವರಿಗೆ ಹೋಗುವಾಗ ಕಾರ್ಡನ್ನು ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡೆ. ಅಣ್ಣನ ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಬಾಗಿನದ ಮೊರ ಹಿಡಿದು ಅವ್ವ ನಡುಮನೆಗೆ ಕರೆದಾಗ ನಾನು ಅಂಗಡಿಯಲ್ಲಿ ಅವನ ಕಂಪ್ಯೂಟರಿನ ಬದಿ ಬಿಚ್ಚಿ, ಅವನ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, ನನ್ನದನ್ನು ಕೂರಿಸುತ್ತಿದ್ದೆ.

‘ಏನ್ ಮಾಡ್ತಿದ್ದೀಯಮ್ಮಿ?’ ಅಂದ ಅಣ್ಣ.

‘ನಿನ್ ಕೈಗುಣ ನೋಡನ ಅಂತ. ನನ್ ಕಾರ್ಡ ಹಾಕಿದ್ದೀನಿ. ನಿನ್ ಮಿಷಿನ್ನು, ನಿನ್ ಕರೆಂಟು. ನಿನ್ ನಂಬರ್ರ ನೀನೇ ಹಾಕು.’

ಬೇಡ ಅನ್ನಲಾರದೆ ಹಾಕಿದ. ಹಸಿರು ಚೌಕಗಳೆದ್ದವು. ವೋಲ್ಟೇಜ್ ಏರಿಸಿದ, ಫ್ಯಾನು ಕೂಗಿತು, ಸ್ಕ್ರೀನು ಕಪ್ಪಾಯಿತು. ಇನ್ನೊಂದು ಸಲ ಮಾಡಿದ, ಮತ್ತೆ ಕಪ್ಪು. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

‘ಎರಡ್ನೂ ಓಡ್ಸಿ ನೋಡಿದ್ದೆ ಅಲ್ವಾ?’ ಅಂದೆ.

‘ನೋಡಿದ್ದೆ ಕಣಮ್ಮಿ, ಏನೀಗ? ಒಳ್ಳೇದ ಮನೇಲಿ ಮಡಿಕಂಡೆ. ನೀನು ಬ್ಯಾರೆ ಮನೆಗೋದವ್ಳು.’

ಅವನಿಗೆ ನಾಚಿಕೆ ಇರಲಿಲ್ಲ. ಮಗಳಾಗಿ ಮನೆಯಲ್ಲಿದ್ದಾಗ ಒಳ್ಳೆಯದೆಲ್ಲ ಹೊರಗಿನವರಿಗೆ ಹೋಯಿತು, ನಾನು ಹುಳ ಕೊರೆದದ್ದನ್ನು ತಿಂದೆ. ನಾನು ಹೊರಗಿನವಳಾದ ಮೇಲೆ ಒಳ್ಳೆಯದು ಮನೆಯಲ್ಲೇ ಉಳಿಯಿತು. ಕಟ್ಟಳೆ ತಿರುಗಿತು, ನನ್ನ ಪಾಲು ಮಾತ್ರ ತಿರುಗಲಿಲ್ಲ.

ಮೇಜಿನ ಮೇಲಿದ್ದ ಅವನ ಕಾರ್ಡನ್ನು ಸೀರೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಅವನು ಬಾಗಿಲಿಗೆ ಅಡ್ಡ ನಿಂತ. ‘ನಾಳೆ ಮದ್ವೆ ಅದೆ ಕಣೇ, ನಿನ್ ಕಾರ್ಡಲ್ಲಿ ನಾನೆಂಗ್ ಕೆಲ್ಸ ಮಾಡ್ಲಿ?’

‘ವೋಲ್ಟೇಜ್ ಒಂಚೂರು ನೋಡ್ಕಣಣ್ಣ’ ಅಂದೆ. ‘ತಾಳ್ಮೆ ಬೇಕು.’

ಅವ್ವ ಮೊರ ಹಿಡಿದು ಹಿಂದೆಯೇ ಬಂದಳು, ‘ಬಾಗಿನ ತಕ್ಕೊಂಡೋಗವ್ವ’ ಅಂತ. ‘ತಕ್ಕೊಂಡೆ ಕಣವ್ವ’ ಅಂದು ಬಸ್‌ಸ್ಟಾಂಡಿನ ದಾರಿ ಹಿಡಿದೆ.

ಊಟದ ಹೊತ್ತಿಗೆ ವಿಡಿಯೋ ತೋರಿಸುವ ಶೋಕಿಯನ್ನು ಅವನು ಈಗ ಬಿಟ್ಟಿದ್ದಾನೆ. ನಾನು ಅದನ್ನು ಮತ್ತೆ ಒಪ್ಪಿಕೊಳ್ಳಲೇ ಇಲ್ಲ. ಮಾರನೆಯ ದಿನ ಕೊಡುತ್ತೇನೆ ಅನ್ನುತ್ತೇನೆ, ಗಿರಾಕಿಗಳು ಬರುತ್ತಾರೆ, ಅಂಗಡಿ ತೆರೆದೇ ಇದೆ. ಹಬ್ಬಹುಣ್ಣಿಮೆಗೆ ಸಿಕ್ಕಾಗ ಅಣ್ಣ ಗೋಡೆ ನೋಡುತ್ತಾ ಒಂದೇ ಮಾತು ಕೇಳುತ್ತಾನೆ: ‘ಎಷ್ಟಕ್ಕೆ ಏರ್ಸಿದ್ದೀಯ ಅದ್ನ?’

ನಾನು ಅದನ್ನು ಏರಿಸಿಯೇ ಇಲ್ಲ. ಕಂಪನಿ ಡಬ್ಬದ ಮೇಲೆ ಬರೆದ ವೇಗದಲ್ಲೇ ಅದು ಓಡುತ್ತಿದೆ, ನನ್ನ ಹಳೆಯ ಕಾರ್ಡೂ ಓಡಬಹುದಾಗಿದ್ದ ವೇಗದಲ್ಲಿ. ಕಳೆದ ಹಬ್ಬದಲ್ಲಿ ಅವನಿಗೆ ಹಾಗೆಂದು ಹೇಳಿದೆ, ಅವನು ಅವತ್ತು ಊಟ ಮಾಡದೆ ಎದ್ದು ಹೋದ.