ಒಂದು ಪುಟಕ್ಕೆ ಎಷ್ಟು ನಿಮಿಷ

ಗಡಿಯಾರ ರಿಪೇರಿಯವನ ಮನೆಯಲ್ಲಿ ಸರಿಯಾದ ಸಮಯ ತೋರಿಸುವ ಗಡಿಯಾರ ಒಂದೂ ಇಲ್ಲ ಎಂಬುದು ಆ ಬೀದಿಯ ಹಳೆಯ ನಗೆಮಾತು. ಅದು ಅರ್ಧ ಮಾತ್ರ ನಿಜ. ಅಡುಗೆಮನೆಯದು ಏಳು ನಿಮಿಷ ಮುಂದೆ, ಹಜಾರದ್ದು ನಿಂತು ಎರಡು ವರ್ಷ. ಆದರೆ ಮೇಜಿನ ಬಲಗಡೆಯ ಡ್ರಾಯರಿನಲ್ಲಿ, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಸ್ಟಾಪ್‌ವಾಚ್ ಇತ್ತು. ಇಪ್ಪತ್ತಮೂರು ವರ್ಷಗಳಲ್ಲಿ ಅದು ಒಂದು ಸೆಕೆಂಡಿನಷ್ಟೂ ಸುಳ್ಳು ಹೇಳಿರಲಿಲ್ಲ. ಅದು ಹೊರಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಕಾಲೇಜಿನ ರಜೆಯಲ್ಲಿ, ಹೆಂಡತಿ ಮುಂದಿನ ಅವಧಿಯ ಪಾಠಗಳ ಯೋಜನೆ ಬರೆಯಲು ಕೂತಾಗ.

ಅವಳು ಸಂಜೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಬೀದಿಯವರ ಬಾಯಲ್ಲಿ ಟೀಚರಮ್ಮ. ಹಗಲೆಲ್ಲ ಬೇಕರಿಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, ಗ್ಯಾರೇಜಿನಲ್ಲಿ ದುಡಿದು, ಆರು ಗಂಟೆಗೆ ಕೈ ತೊಳೆದುಕೊಂಡು ತರಗತಿಗೆ ಬರುವವರು ಅವಳ ವಿದ್ಯಾರ್ಥಿಗಳು. ಅವರಿಗಾಗಿ ಅವಳು ತಯಾರಿಸುತ್ತಿದ್ದುದು ಒಂದೇ ಒಂದು ಹಾಳೆ: ಹದಿನಾರು ವಾರಕ್ಕೆ ಹದಿನಾರು ಸಾಲು; ಪ್ರತಿ ಸಾಲಿನಲ್ಲಿ ಏನು ಓದಬೇಕು, ಎಷ್ಟು ಪುಟ, ಏನು ಬರೆದು ತರಬೇಕು. ನೋಡಿದವರಿಗೆ ಅದು ಬಸ್ ನಿಲ್ದಾಣದ ವೇಳಾಪಟ್ಟಿಗಿಂತ ದೊಡ್ಡದೇನೂ ಅನ್ನಿಸುತ್ತಿರಲಿಲ್ಲ. ಆ ಹಾಳೆಯ ಮೇಲೆ ಆರು ವಾರದ ರಜೆಯಲ್ಲಿ ಐದು ವಾರವನ್ನು ಅವಳು ಸುರಿಯುತ್ತಿದ್ದಳೆಂದು ಗೊತ್ತಿದ್ದುದು ಅವನಿಗೆ ಮತ್ತು ಅವನ ತಾಯಿಗೆ ಮಾತ್ರ. ಕೊಡಬೇಕೆಂದಿದ್ದ ಪ್ರತಿಯೊಂದು ಬರವಣಿಗೆಯನ್ನೂ ಮೊದಲು ತಾನೇ ಬರೆದು ನೋಡುವಳು. ‘ನಿಮ್ಮ ಕೆಲಸದಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ಸಂಗತಿ’ ಎಂಬ ಪ್ರಶ್ನೆಗಾಗಿ ಒಮ್ಮೆ ಅವನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಇಡೀ ಬೆಳಿಗ್ಗೆ ಕೂತು, ಕೂದಲೆಳೆಯಂಥ ಸ್ಪ್ರಿಂಗನ್ನು ಕೂರಿಸುವಾಗ ಇವನು ಉಸಿರು ಬಿಗಿಹಿಡಿಯುತ್ತಾನೆ ಎಂದು ಬರೆದಳು. ಅದುವರೆಗೆ ಅವನಿಗೇ ಅದು ತಿಳಿದಿರಲಿಲ್ಲ.

ಸ್ಟಾಪ್‌ವಾಚಿನ ಕತೆ ಅವಳ ಕೆಲಸದ ಮೊದಲ ವರ್ಷದ್ದು. ತನಗೆ ಯಾರೋ ಕಲಿಸಿದಂತೆ ತಾನೂ ವಾರಕ್ಕೆ ಐವತ್ತು ಪುಟ ಗೊತ್ತುಮಾಡಿದ್ದಳು. ನಲವತ್ತೊಂದು ಜನರಿದ್ದ ತರಗತಿ ಆರನೆಯ ವಾರಕ್ಕೆ ಹದಿನೇಳಕ್ಕೆ ಬಂದು ನಿಂತಿತು. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಳು ಪುಸ್ತಕವನ್ನು ಶುಭ್ರವಾದ ಕಾಗದದಲ್ಲಿ ಸುತ್ತಿ ಹಿಂದಿರುಗಿಸಿದ್ದಳು. ಅರವತ್ತೆರಡನೆಯ ಪುಟದಲ್ಲೊಂದು ಚೀಟಿ: ‘ಇಲ್ಲಿಯವರೆಗೆ ಓದಿದೆ. ಕ್ಷಮಿಸಿ.’ ಅವಳು ಆ ಚೀಟಿಯನ್ನು ಮನೆಗೆ ತಂದು ಮೇಜಿನ ಮೇಲಿಟ್ಟಳು. ಆಮೇಲೆ ಪುಸ್ತಕವನ್ನು ಗಂಡನ ಮುಂದೆ ತಳ್ಳಿದಳು.

“ಇದರಲ್ಲಿ ಒಂದು ಪುಟ ಓದಿ ನೋಡೋಣ. ಎಷ್ಟು ಹೊತ್ತು ಹಿಡಿಯುತ್ತೆ ಅಂತ ನನಗೆ ಬೇಕು.”

“ನನ್ನ ಹತ್ರ ಓದಿಸ್ತೀಯಾ? ಇಂಗ್ಲಿಷಲ್ಲಿ ಎರಡು ಸಲ ಡುಮ್ಕಿ ಹೊಡೆದು ಈ ಅಂಗಡಿ ಹಾಕ್ಕೊಂಡೋನು ನಾನು.”

“ಅದಕ್ಕೇ ನೀವೇ ಬೇಕು.”

ಅವನು ತಮಾಷೆಗೆಂದು ಅಂಗಡಿಯ ಸ್ಟಾಪ್‌ವಾಚ್ ತಂದ. ನಿಘಂಟು ತಿರುವುತ್ತ, ಬೆವರು ಒರೆಸಿಕೊಳ್ಳುತ್ತ ಒಂದು ಪುಟ ಮುಗಿಸುವಾಗ ಆರು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಒಳಗಿನಿಂದ ತಾಯಿ ಕೇಳಿದರು, “ಪರೀಕ್ಷೆಗೆ ಹೆದರಿ ಕಾಲೇಜು ಬಿಟ್ಟೆ. ಈಗ ಮನೆಯೊಳಗೇ ಪರೀಕ್ಷೆ ಬಂತಾ ಮಗನೇ?”

ಅವಳು ನಗಲಿಲ್ಲ. ಲೆಕ್ಕ ಹಾಕುತ್ತಿದ್ದಳು. ದುಡಿಯುವವನಿಗೆ ವಾರದಲ್ಲಿ ಓದಲು ಬರೆಯಲು ಸಿಗುವುದು ಹೆಚ್ಚೆಂದರೆ ಎರಡೂವರೆ ಗಂಟೆ. ಅದರಲ್ಲಿ ಮೊದಲ ಓದಿಗೆ ಎಂಬತ್ತು ನಿಮಿಷ. ಎಂಬತ್ತು ನಿಮಿಷದಲ್ಲಿ ಈ ಮನುಷ್ಯನಿಗೆ ಆಗುವುದು ಹನ್ನೆರಡು ಪುಟ. ಹಾಳೆಯ ಮೇಲಿನ ಐವತ್ತನ್ನು ಹೊಡೆದು ಹಾಕಿ ಹನ್ನೆರಡು ಎಂದು ಬರೆದಳು. ಅಂದಿನಿಂದ ಅವಳ ತರಗತಿಯಲ್ಲಿ ವಾರಕ್ಕೆ ಹನ್ನೆರಡೇ ಪುಟ. ಜನ ಬಿಟ್ಟುಹೋಗುವುದು ನಿಂತಿತು.

ಅಂದಿನಿಂದ ಪ್ರತಿ ರಜೆಯಲ್ಲೂ, ಅಂಗಡಿ ತೆರೆಯುವ ಮೊದಲು, ಬೆಳಿಗ್ಗೆ ಆರೂವರೆಗೆ ಅವನು ಮೇಜಿಗೆ ಕೂರುವನು. ಹದಿನಾರು ವಾರದ ಹದಿನಾರು ಓದು. ತಡವರಿಸಿದಲ್ಲಿ ಅಂಚಿನಲ್ಲೊಂದು ಪೆನ್ಸಿಲ್ ಚುಕ್ಕೆ. ಒಂದೇ ಪುಟದಲ್ಲಿ ನಾಲ್ಕು ಚುಕ್ಕೆ ಬಿದ್ದರೆ ಆ ಬರಹ ಪಟ್ಟಿಯಿಂದ ಹೊರಕ್ಕೆ. ಅವಳು ಎಲ್ಲವನ್ನೂ ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಬರೆದುಕೊಂಡು, ಯಾವ ಓದು ಕಠಿಣ, ಯಾವುದು ಸರಳ ಎಂದು ತೂಗಿ ನೋಡಿ, ವಾರಗಳನ್ನು ಜೋಡಿಸುವಳು. ವರ್ಷಕ್ಕೊಂದು ನೋಟುಬುಕ್ಕು. ಯೋಜನೆ ಮುಗಿಯುತ್ತಲೇ ಅದು ಅಟ್ಟಕ್ಕೆ.

ಈ ವರ್ಷ ರಜೆಯ ಮೊದಲ ವಾರದಲ್ಲೇ, ಓದು ಶುರುವಾಗುವ ಮುನ್ನ, ವಿಭಾಗದ ಮುಖ್ಯಸ್ಥರು ಕರೆಸಿದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಹೊಸದಾಗಿ ಬಂದವರು, ಮಾತಿನಲ್ಲಿ ಮರ್ಯಾದೆ ತಪ್ಪದವರು. ಹಗಲಿನ ಕಾಲೇಜಿಗೂ ಸಂಜೆಯದಕ್ಕೂ ಇನ್ನು ಮುಂದೆ ಒಂದೇ ಯೋಜನೆ, ವಾರಕ್ಕೆ ಮೂವತ್ತೈದು ಪುಟ ಎಂದರು. ಗಂಡನಿಂದ ಓದಿಸಿ ಬರೆದಿಟ್ಟ ಲೆಕ್ಕದ ವಿಷಯ ತಿಳಿಸಿ ಅವಳು ಆಗುವುದಿಲ್ಲವೆಂದಾಗ ಸಿಟ್ಟಾಗಲಿಲ್ಲ.

“ನೀವು ಲೆಕ್ಕ ಇಟ್ಟಿದ್ದೀರಂತಲ್ಲ ಮೇಡಂ, ಅದನ್ನೇ ತನ್ನಿ. ಈ ವರ್ಷದ ಅಂಕಿಯಲ್ಲಿ ಆಗಲ್ಲ ಅಂತ ತೋರಿಸಿ, ನಾನು ಇಲ್ಲಿಗೇ ಬಿಟ್ಟುಬಿಡ್ತೀನಿ. ಶನಿವಾರ ಹನ್ನೊಂದಕ್ಕೆ.”

ಮನೆಗೆ ಬಂದು ಇದನ್ನು ಹೇಳುವಾಗ ಅವಳ ಕೈ ಸುಮ್ಮನೆ ಮೇಜನ್ನು ಒರೆಸುತ್ತಿತ್ತು. “ಮೂವತ್ತೈದು ಆದರೆ ಮತ್ತೆ ಅದೇ ಆಗುತ್ತೆ. ಹೊಲಿಗೆ ಬಿಚ್ಚಿದ ಪುಸ್ತಕದ ಹಾಳೆಗಳ ಹಾಗೆ ಒಬ್ಬೊಬ್ಬರೇ ಉದುರಿಹೋಗ್ತಾರೆ” ಎಂದಳು. ಆ ಬೇಕರಿಯವಳ ಚೀಟಿ ಇನ್ನೂ ಅವಳ ನಿಘಂಟಿನಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು.

ಮರುದಿನ, ಬುಧವಾರ, ಬೆಳಿಗ್ಗೆ ಅವನು ಕೂತ. ಈ ವರ್ಷದ ಮೊದಲ ವಾರದ ಓದು: ಬಸ್ಸಿನಲ್ಲಿ ಕೊಡೆ ಕಳೆದುಕೊಂಡವನೊಬ್ಬ ಅದನ್ನು ಹುಡುಕುತ್ತ ಮೂರು ಕೊಡೆ ಹೊತ್ತು ಮನೆಗೆ ಬರುವ ಪ್ರಬಂಧ. ಮೊದಲ ಪುಟದ ಕೊನೆಗೆ ಬಂದು ವಾಚ್ ನೋಡಿದ. ಎರಡು ನಿಮಿಷ ಹತ್ತು ಸೆಕೆಂಡು. ಮತ್ತೊಮ್ಮೆ ನೋಡಿದ. ಇದನ್ನು ಬರೆದುಕೊಟ್ಟರೆ ಶನಿವಾರ ಅವಳ ಕತ್ತಿಗೆ ತಾನೇ ಹಗ್ಗ ಕೊಟ್ಟಂತೆ. ಜೀವಮಾನದಲ್ಲಿ ಯಾರ ಗಡಿಯಾರವನ್ನೂ ಅರ್ಧ ನಿಮಿಷ ಹಿಂದೆ ಮುಂದೆ ಮಾಡಿದವನಲ್ಲ. ಆದರೂ ಎರಡನೆಯ ಪುಟದಲ್ಲಿ ಕಣ್ಣನ್ನು ಪುಟದ ಮೇಲೆ ನೆಟ್ಟು, ಮನಸ್ಸಿನಲ್ಲಿ ಒಂದರಿಂದ ನೂರು ಎಣಿಸತೊಡಗಿದ. ನಡುವೆ ಬೇಕೆಂದೇ ಎರಡು ಚುಕ್ಕೆ ಹಾಕಿದ.

ಎಣಿಕೆ ಎಂಬತ್ತನ್ನು ಮುಟ್ಟುವ ಮೊದಲೇ ಕಣ್ಣು ತಾನಾಗಿ ಕೆಳಗೆ ಜಾರಿ ಅವನಿಗೆ ನಗು ಒತ್ತರಿಸಿ ಬಂತು. ಕೊಡೆಯವನು ತನ್ನ ಕೊಡೆಯ ಗುರುತು ಹೇಳಲು ಹೋಗಿ ಕಂಡಕ್ಟರಿನ ಕೊಡೆಯ ಗುರುತು ಹೇಳುವ ಸಾಲು ಪುಟದ ತುತ್ತತುದಿಯಲ್ಲಿತ್ತು.

ಎದುರಿಗೆ ಕೂತಿದ್ದವಳು ಪೆನ್ನು ಕೆಳಗಿಟ್ಟಳು. “ಕೊನೇ ಸಾಲಿಗೆ ನಕ್ಕಿರಿ.”

“ಇಲ್ಲ, ಏನೋ ನೆನಪಾಯ್ತು.”

“ಪೆನ್ಸಿಲು ಇನ್ನೂ ನಾಲ್ಕನೇ ಸಾಲಲ್ಲಿದೆ. ರೀ, ಯಾಕೆ ತಡೀತಿದ್ದೀರಿ?”

“ಅರ್ಥ ಆಗ್ತಿಲ್ಲ ಕಣೇ, ಕಷ್ಟ ಇದೆ.”

“ಅರ್ಥ ಆಗದೆ ನಗೋಕೆ ಇದೇನು ಸಾಹೇಬರ ಜೋಕಾ?”

ಕಳ್ಳ ಸಿಕ್ಕಿಬಿದ್ದ. ನಿಜವಾದ ಅಂಕಿಯನ್ನು ಹೇಳಿದ. ಅವಳು ಅವನ ಮುಖವನ್ನು ನೋಡಿದಳು, ವಾಚನ್ನು ನೋಡಿದಳು, ಅದನ್ನು ಕಿವಿಯ ಬಳಿ ಹಿಡಿದು ಓಡುತ್ತಿದೆಯೇ ಎಂದು ಕೂಡ ಕೇಳಿದಳು. ಆಮೇಲೆ ಒಂದೇ ಮಾತು: “ಅಟ್ಟದಿಂದ ಇಳಿಸಿ.”

ಇಪ್ಪತ್ತೆರಡು ನೋಟುಬುಕ್ಕುಗಳು ಹಜಾರದ ನೆಲಕ್ಕೆ ಬಂದವು. ಈ ವರ್ಷದ್ದು ಸೇರಿ ಇಪ್ಪತ್ತಮೂರು. ಬಿಚ್ಚಿದ ಗಡಿಯಾರದ ಬಿಡಿಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುವುದು ಅವನ ಅಭ್ಯಾಸ. ಅದೇ ಅಚ್ಚುಕಟ್ಟಿನಲ್ಲಿ ಅವನ್ನೂ ಇಟ್ಟ, ಎಲ್ಲದರಲ್ಲೂ ಮೊದಲ ವಾರದ ಪುಟ ತೆರೆದು. ಇಷ್ಟು ವರ್ಷ ಒಂದು ವರ್ಷದೊಳಗಿನ ವಾರಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿದ್ದ ಇಬ್ಬರೂ ವರ್ಷವನ್ನು ವರ್ಷದ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಆರು ನಲವತ್ತು. ಆರು ಇಪ್ಪತ್ತೈದು. ಆರು ಹತ್ತು. ಏಳನೆಯ ವರ್ಷ ಐದು ಐದು. ಅವನಿಗೆ ಟೈಫಾಯಿಡ್ ಬಂದಿದ್ದ ವರ್ಷ ಮಾತ್ರ ಅಂಕಿ ಮೇಲೇರಿ ಮತ್ತೆ ಇಳಿದಿತ್ತು. ಹದಿನೈದನೆಯ ವರ್ಷ ಮೂರು ಮೂವತ್ತು. ಕೊನೆಗೆ ಇಂದಿನ ಎರಡು ಹತ್ತು. ಮೊದಮೊದಲು ಸಿಡುಬಿನ ಕಲೆಯಂತಿದ್ದ ಚುಕ್ಕೆಗಳ ಲೆಕ್ಕ ಬರುಬರುತ್ತ ವಿರಳವಾಗಿ, ಕಳೆದ ಮೂರು ವರ್ಷಗಳಲ್ಲಿ ಪುಟಕ್ಕೊಂದೂ ಇರಲಿಲ್ಲ.

ಅವನು ನೆಲದ ಮೇಲೇ ಕೂತುಬಿಟ್ಟ. ಬಾನಿನ ನಕ್ಷತ್ರ ಕಣ್ಣಿಗೆ ಕಾಣದಂತೆ ಸರಿಯುತ್ತದೆ ಎಂದು ಕೇಳಿದ್ದ. ತನ್ನೊಳಗೇ ಏನೋ ಹಾಗೆ ಸರಿದಿದ್ದುದು ಅವನ ಅರಿವಿಗೇ ಬಂದಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆ ಕೈಗೆತ್ತಿಕೊಳ್ಳುವುದು ಯಾವಾಗ ಶುರುವಾಯಿತು? ಅದರಲ್ಲಿ ಚಿತ್ರ ನೋಡುವುದು ಬಿಟ್ಟು ಬರಹ ಓದಿದ್ದು ಯಾವಾಗ? ತಾನು ಅಳತೆಗೋಲು ಎಂದುಕೊಂಡಿದ್ದ. ಎದುರಿಗೆ ಕೂತವಳು ಗೊತ್ತಿಲ್ಲದೆಯೇ, ವಾರಕ್ಕೆ ಹನ್ನೆರಡು ಪುಟದಂತೆ, ಅಳತೆಗೋಲನ್ನೇ ಕಲಿಸಿಬಿಟ್ಟಿದ್ದಳು. ಎರಡು ಸಲ ಡುಮ್ಕಿ ಹೊಡೆದವನು ಕೊನೆಯ ಸಾಲಿಗೆ ನಕ್ಕಿದ್ದ.

“ಅಮ್ಮಾ” ಎಂದು ಕೂಗಿದ. ಬೇರೇನು ಹೇಳಬೇಕೆಂದು ತಿಳಿಯಲಿಲ್ಲ. “ನನಗೆ ಇಂಗ್ಲಿಷ್ ಬರುತ್ತಂತೆ.”

ತಾಯಿ ಬಾಗಿಲಿಗೆ ಬಂದು ನೆಲದ ತುಂಬ ಹರಡಿದ್ದನ್ನು ನೋಡಿದರು. “ಇಪ್ಪತ್ಮೂರು ವರ್ಷ ರುಬ್ಬಿದ್ರೆ ಕಲ್ಲೂ ನುಣ್ಣಗಾಗುತ್ತೆ. ರುಬ್ಬಿದೋಳಿಗೆ ಒಂದು ಲೋಟ ಚಹಾ ಕೊಡು, ಕಲ್ಲಿಗಲ್ಲ” ಎಂದು ಒಳಹೋದರು.

ಅವಳು ಮಾತ್ರ ಇನ್ನೂ ಲೆಕ್ಕದಲ್ಲಿದ್ದಳು. ಪ್ರತಿ ನೋಟುಬುಕ್ಕಿನಲ್ಲೂ ಮೊದಲ ವಾರವನ್ನೂ ಹದಿನಾರನೆಯದನ್ನೂ ಬೆರಳಿಟ್ಟು ನೋಡಿದಳು. ಮೊದಲ ವರ್ಷವೇ ಆರು ನಲವತ್ತರಿಂದ ಶುರುವಾದದ್ದು ಕೊನೆಯ ವಾರಕ್ಕೆ ಐದು ಹತ್ತಕ್ಕೆ ಇಳಿದಿತ್ತು. ಕೊನೆಯ ಪಾಠ ಸುಲಭವಾಗಿತ್ತೇನೋ ಎಂದು ಆಗ ಅಂಚಿನಲ್ಲಿ ಬರೆದಿದ್ದಳು. ಪಾಠ ಸುಲಭವಾಗಿರಲಿಲ್ಲ.

“ನಾನೂ ತಪ್ಪು ಮಾಡಿದೀನಿ” ಎಂದಳು, ತನಗೆ ತಾನೇ ಎಂಬಂತೆ. “ಹೆದರಿಕೊಂಡು ಹನ್ನೆರಡಕ್ಕೇ ಗೂಟ ಹೊಡೆದೆ. ಮೊದಲನೇ ವಾರದ ಹುಡುಗಿಗೂ ಹದಿನಾರನೇ ವಾರದ ಹುಡುಗಿಗೂ ಒಂದೇ ಊಟ ಬಡಿಸಿದೆ.”

ಎರಡು ದಿನದಲ್ಲಿ ಹಾಳೆ ಹೊಸದಾಗಿ ಹುಟ್ಟಿತು. ಶನಿವಾರ ನೋಟುಬುಕ್ಕುಗಳನ್ನೂ ಸ್ಟಾಪ್‌ವಾಚನ್ನೂ ಚೀಲದಲ್ಲಿ ಹೊತ್ತು ಅವನೂ ಹೋದ. ಹೊರಗಿನ ಬೆಂಚಿನ ಮೇಲೆ ಕೂತಿದ್ದವನನ್ನು ಮುಖ್ಯಸ್ಥರು ಒಳಗೆ ಕರೆದರು.

“ಆ ಓದೋರು ನೀವೇನಾ? ಈ ವರ್ಷ ಪುಟಕ್ಕೆ ಎಷ್ಟು?”

“ಎರಡು ನಿಮಿಷ ಹತ್ತು ಸೆಕೆಂಡು, ಸಾರ್.”

ಅವರು ಕಾಗದದ ಅಂಚಿನಲ್ಲಿ ಗುಣಿಸಿದರು. “ಮೂವತ್ತೈದು ಪುಟಕ್ಕೆ ಎಪ್ಪತ್ತಾರು ನಿಮಿಷ. ಮೇಡಂ ಕೊಡೋ ಎಂಬತ್ತರೊಳಗೇ ಮುಗೀತಲ್ಲ! ಅಂದಮೇಲೆ ನಾನು ಹೇಳಿದ್ದೇ ಸರಿ.”

ಅವನು ಹೆಂಡತಿಯ ಕಡೆ ನೋಡಿದ. ಅವಳು ಚೀಲದಿಂದ ತೀರಾ ಹಳೆಯ ನೋಟುಬುಕ್ಕು ತೆಗೆದು ಅವನ ಕೈಗೇ ಕೊಟ್ಟಳು. ಅವನು ಅದನ್ನು ಮೇಜಿನ ಮೇಲೆ ಬಿಡಿಸಿಟ್ಟ.

“ಸಾರ್, ನೀವು ಕೇಳಿದ್ದು ಇಪ್ಪತ್ಮೂರನೇ ವರ್ಷದವನ್ನ. ನಿಮ್ಮ ತರಗತಿಗೆ ಬರೋನು ಇವನು.” ಆರು ನಲವತ್ತರ ಮೇಲೆ ಬೆರಳಿಟ್ಟ. “ಇವನಿಗೆ ಮೂವತ್ತೈದು ಕೊಟ್ಟರೆ ನಾಲ್ಕು ಗಂಟೆ ಹಿಡಿಯುತ್ತೆ. ಇವನು ಮುಂದಿನ ವಾರ ಬರಲ್ಲ. ಅವತ್ತು ನನಗೆ ಮೂವತ್ತೈದು ಕೊಟ್ಟಿದ್ರೆ, ಇವತ್ತು ಈ ಎರಡು ಹತ್ತು ಇರ್ತಾನೇ ಇರಲಿಲ್ಲ.”

ಮುಖ್ಯಸ್ಥರು ಮೊದಲ ನೋಟುಬುಕ್ಕು ತಿರುವಿದರು, ಎರಡನೆಯದು, ಐದನೆಯದು. ಕಿಟಕಿಯಾಚೆ ಯಾರೋ ಸೈಕಲ್ ನಿಲ್ಲಿಸಿ, ಬೀಗ ಹಾಕಿ ಹೋದರು. ಹತ್ತೊಂಬತ್ತನೆಯದನ್ನು ಮುಚ್ಚುವಾಗ ಅವರ ಧ್ವನಿ ತಗ್ಗಿತ್ತು. “ಇದನ್ನೆಲ್ಲ ಯಾರು ಹೇಳಿದ್ರು ನಿಮಗೆ ಇಡೋಕೆ?”

“ಯಾರೂ ಹೇಳಲಿಲ್ಲ” ಎಂದಳು ಅವಳು, ಮತ್ತು ಹೊಸ ಹಾಳೆಯನ್ನು ಮುಂದಿಟ್ಟಳು. ಮೊದಲ ವಾರ ಹನ್ನೆರಡು ಪುಟ. ಹದಿನಾರನೆಯ ವಾರ ಹದಿನಾರು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ, ಅದೇ ವಿದ್ಯಾರ್ಥಿಗಳಿಗೆ ಮೂರನೆಯ ವರ್ಷದ ಕೊನೆಗೆ ಮೂವತ್ತೈದು.

ಅವರು ಬಹಳ ಹೊತ್ತು ಓದಿದರು. ಒಂದು ವರ್ಷದ ಮಟ್ಟಿಗೆ ಸಂಜೆಯವರಿಗೆ ಈ ಹಾಳೆಯೇ ಇರಲಿ ಎಂದರು. ಆದರೆ ಲೆಕ್ಕ ಇನ್ನು ಮನೆಯವರದ್ದಲ್ಲ, ತರಗತಿಯದ್ದೇ ಬೇಕು, ವರ್ಷದ ಕೊನೆಗೆ ಅದನ್ನು ನೋಡಿ ಮುಂದಿನ ಮಾತು. ಅವಳು ಒಪ್ಪಿದಳು. ಪೂರ್ತಿ ಗೆಲುವಲ್ಲ ಅದು. ಹೊರಗೆ ಬಂದು ಅವಳು ಮಾಡಿದ ಮೊದಲ ಕೆಲಸ, ಸ್ಟಾಪ್‌ವಾಚನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡದ್ದು.

“ನನ್ನ ಕೆಲಸ ಹೋಯ್ತು ಅನ್ನು” ಎಂದ ಅವನು.

“ನಿಮ್ಮಿಂದ ಇನ್ನು ಏನು ಪ್ರಯೋಜನ? ಕಲಿತುಬಿಟ್ಟಿರಿ.”

ಕಾಲೇಜು ಶುರುವಾದ ಸಂಜೆ ಅವನು ಅಂಗಡಿಯನ್ನು ಅರ್ಧ ಗಂಟೆ ಮೊದಲೇ ಮುಚ್ಚಿ, ಅವಳು ಮರೆತುಹೋಗಿದ್ದ ಕನ್ನಡಕ ಕೊಡುವ ನೆಪದಲ್ಲಿ ಅಲ್ಲಿಗೆ ಹೋದ. ಫಲಕದ ಮೇಲೆ ಹಾಳೆ ಅಂಟಿಸಿತ್ತು. ಮುಂದೆ ಏಳೆಂಟು ಜನ. ಎಣ್ಣೆಯ ಕಲೆ ಉಗುರಿನಿಂದ ಇನ್ನೂ ಹೋಗದ ಒಬ್ಬ, ಆಸ್ಪತ್ರೆಯ ಗುರುತಿನ ಚೀಟಿ ಕತ್ತಿನಲ್ಲೇ ಉಳಿದಿದ್ದ ಒಬ್ಬಳು. ಆಕೆ ಹೊಸ ಪುಸ್ತಕ ತೆರೆದು, ಮೊದಲ ವಾರದ ಪುಟಗಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ದಪ್ಪ ನೋಡಿದಳು.

“ಇಷ್ಟೇನಾ?” ಎಂದಳು ಪಕ್ಕದವನಿಗೆ. “ಇಷ್ಟಾದ್ರೆ ಆಗುತ್ತೆ ಬಿಡು.”

ಹದಿನಾರನೆಯ ಸಾಲಿನ ಕಡೆ ಯಾರೂ ನೋಡಲಿಲ್ಲ. ಅವನು ನೋಡಿದ. ಒಳಗೆ ಅವಳ ದನಿ ಹಾಜರಿ ಕರೆಯುತ್ತಿತ್ತು. ನಿಂತಿದ್ದವರೆಲ್ಲ ಒಳಗೆ ಹೋದರು. ಎಷ್ಟು ಹೊತ್ತು ತಾನು ಆ ಒಂದು ಹಾಳೆಯ ಮುಂದೆ ನಿಂತಿದ್ದ ಎಂಬುದು ಅವನಿಗೆ ತಿಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ಕೈಗಡಿಯಾರ ನೋಡುವುದನ್ನು ಮರೆತಿದ್ದ.